ಬ್ಯಾಟರಿ ಸರ್ಕ್ಯೂಟ್ ಹಾಕುವಾಗ ಎಷ್ಟು ದಿನ ಬರುತ್ತೆ ಅಂತಾನೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ನಿಮ್ಮ ಭಾನುವಾರದ ಪುರವಣೀಲಿ ಹೈಸ್ಕೂಲ್ ಮಕ್ಕಳು ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಾಡ್ಕೋಬಹುದು ಅಂತ ಒಂದು ಸರ್ಕ್ಯೂಟ್ ಬಂದಿತ್ತು. ಗೇಟು ತೆಗೆದ್ರೆ ಬಝರ್ ಕೂಗೋದು. ಗೇಟಿಗೆ ಒಂದು ಅಯಸ್ಕಾಂತ ಅಂಟಿಸಿ, ಕಂಬಕ್ಕೆ ಅಯಸ್ಕಾಂತ ಹತ್ರ ಇದೆಯಾ ಅಂತ ಹೇಳೋ ಮೂರು ಕಾಲಿನ ಹಾಲ್ ಸೆನ್ಸರ್ ಕೂರಿಸಿ, 9 ವೋಲ್ಟ್ ಬ್ಯಾಟರಿ ಹಾಕೋದು, ಮಧ್ಯೆ ಅದನ್ನ 5 ವೋಲ್ಟಿಗೆ ಇಳಿಸೋಕೆ ಒಂದು 7805 ರೆಗ್ಯುಲೇಟರ್. ಚಿತ್ರ ಚೆನ್ನಾಗಿತ್ತು, ಕನೆಕ್ಷನ್ನೂ ಸರಿಯಾಗೇ ಇತ್ತು. ಆದ್ರೆ ಆ ಸರ್ಕ್ಯೂಟಿಂದ ನಮ್ಮೂರಲ್ಲಿ ಏನಾಯ್ತು ಅಂತ ನಿಮಗೆ ಹೇಳಲೇಬೇಕು ಅನ್ನಿಸಿ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಹಾಕೋಕೆ ಜಾಗ ಇಲ್ದಿದ್ರೆ ತಿದ್ದುಪಡಿ ಒಂದನ್ನಾದ್ರೂ ಹಾಕಿ.

ನಂದು ಮೂಡಿಗೆರೆ ತಾಲ್ಲೂಕಲ್ಲಿ ಒಂದು ಸಣ್ಣ ರಿಪೇರಿ ಅಂಗಡಿ. ಟಿವಿ, ಯುಪಿಎಸ್, ಪಂಪ್‌ಸೆಟ್ ಸ್ಟಾರ್ಟರ್, ತೋಟದೋರು ತಂದುಕೊಡೋ ಮಿಷಿನ್‌ಗಳು ಎಲ್ಲಾ ಮಾಡ್ತೀನಿ. ಪಕ್ಕದ ಬೀದಿಯ ಒಂಬತ್ತನೇ ಕ್ಲಾಸ್ ಹುಡುಗಿ ಒಬ್ಬಳು ನಿಮ್ಮ ಪೇಪರ್ ಕಟಿಂಗ್ ಹಿಡ್ಕೊಂಡು ಬಂದು ಸಾಮಾನು ತಗೊಂಡು ಹೋಗಿದ್ಲು, ತಾನೇ ಸೋಲ್ಡರ್ ಮಾಡಿದ್ಲು, ಸಂಜೆ ಬಝರ್ ಕೂಗಿದ ತಕ್ಷಣ ಓಡಿ ಬಂದು ತೋರಿಸಿದ್ಲು. ಎರಡನೇ ದಿನ ಸಂಜೆ ಮತ್ತೆ ಬಂದ್ಲು, ಮುಖ ಸಪ್ಪೆ. "ಮಾಮಾ, ಎಲ್ಲೋ ತಪ್ಪು ವೈರ್ ಮಾಡಿದೀನಿ ಅನ್ಸುತ್ತೆ, ಹೊಸ ಬ್ಯಾಟರಿ ಹಾಕಿದ್ರೂ ಹೋಗ್ಬಿಡ್ತು." ನಾನು ಒಂದೊಂದೇ ಜಾಯಿಂಟ್ ನೋಡ್ದೆ, ಎಲ್ಲೂ ತಪ್ಪಿಲ್ಲ. ಮೀಟರ್ ಸೀರೀಸಲ್ಲಿ ಹಾಕಿ ನೋಡಿದ್ರೆ ಗೇಟು ಮುಚ್ಚಿ ಬಝರ್ ಸುಮ್ನಿರುವಾಗಲೇ 9.6 ಮಿಲಿಆಂಪ್ ಹೋಗ್ತಿತ್ತು. ಒಳ್ಳೆ ಆಲ್ಕಲೈನ್ 9 ವೋಲ್ಟ್ ಬ್ಯಾಟರೀಲಿ ಇರೋದೇ ಸುಮಾರು 500 ಮಿಲಿಆಂಪ್-ಅವರ್, ಅಂದ್ರೆ ಲೆಕ್ಕಕ್ಕೆ ಐವತ್ತು ಗಂಟೆ. ಅವಳು ಹಾಕಿದ್ದು ಅಂಗಡೀಲಿ ಸಿಗೋ ಮಾಮೂಲಿ ಬ್ಯಾಟರಿ, ಅದರಲ್ಲಿ ಅಷ್ಟೂ ಇರಲ್ಲ, ಜೊತೆಗೆ 7805ಕ್ಕೆ ತನ್ನ ಔಟ್‌ಪುಟ್‌ಗಿಂತ 2 ವೋಲ್ಟ್ ಮೇಲೇ ಬೇಕು, ಬ್ಯಾಟರಿ 7 ವೋಲ್ಟ್‌ಗೆ ಇಳಿದ್ರೆ ಒಳಗೆ ಉಳಿದಿರೋದನ್ನೂ ಸರಿಯಾಗಿ ಬಳಸೋಕಾಗಲ್ಲ.

ತಪ್ಪು ಆ ಮಗುದಲ್ಲ, ಆರಿಸಿದ ಚಿಪ್ಪಿಂದು. ಇದನ್ನ ಅವಳಿಗೆ ಹೇಳಿ ಒಪ್ಪಿಸೋಕೆ ಅರ್ಧ ಗಂಟೆ ಬೇಕಾಯ್ತು. ಆ ಕಟಿಂಗ್ ನೋಡಿ ಇನ್ನೆಷ್ಟು ಊರಲ್ಲಿ ಎಷ್ಟು ಮಕ್ಕಳು ತಮಗೆ ಬರಲ್ಲ ಅಂದ್ಕೊಂಡು ಬಿಟ್ಟಾಕಿದ್ರೋ ಅಂತ ಅವತ್ತು ರಾತ್ರಿಯೆಲ್ಲಾ ತಲೇಲಿ ಕೊರೀತಿತ್ತು.

ಆ ಸರ್ಕ್ಯೂಟಲ್ಲಿ ಇದ್ದಿದ್ದು ಎ3144 ಅನ್ನೋ ಸೆನ್ಸರ್. ಕೆಟ್ಟ ಚಿಪ್ ಅಂತ ನಾನು ಹೇಳ್ತಿಲ್ಲ. 4.5 ವೋಲ್ಟಿಂದ 24 ವೋಲ್ಟ್‌ವರೆಗೂ ತಡ್ಕೊಳುತ್ತೆ, ಗಾಡಿ, ಮಿಷಿನ್, ಮೋಟರ್ ಅಂತ ಕರೆಂಟಿಗೆ ಬರ ಇಲ್ಲದ ಕಡೆಗೆ ಅಂತ್ಲೇ ಮಾಡಿದ್ದು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಹಾಲ್ ಸೆನ್ಸರ್ ಕೊಡಿ ಅಂದ್ರೆ ಮೊದಲು ಕೈಗೆ ಕೊಡೋದೇ ಇದನ್ನ. ಆದ್ರೆ ಅದು ಎಚ್ಚರ ಇರೋ ಅಷ್ಟೂ ಹೊತ್ತು ನಾಲ್ಕೈದು ಮಿಲಿಆಂಪ್ ಎಳೀತಾನೇ ಇರುತ್ತೆ, ಅಯಸ್ಕಾಂತ ಹತ್ರ ಇರಲಿ ದೂರ ಇರಲಿ. ಅದರ ಕೆಲಸಾನೇ ಹಂಗೆ, ಒಳಗಿರೋ ಸಣ್ಣ ಸಿಲಿಕಾನ್ ತುಂಡಿನಲ್ಲಿ ಕರೆಂಟ್ ಹರೀತಾ ಇರಬೇಕು, ಅಯಸ್ಕಾಂತ ಬಂದಾಗ ಆ ಹರಿವು ಒಂದು ಪಕ್ಕಕ್ಕೆ ತಳ್ಳಿಸಿಕೊಂಡು ಅಡ್ಡಡ್ಡ ಒಂದು ಸಣ್ಣ ವೋಲ್ಟೇಜ್ ಹುಟ್ಟುತ್ತೆ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಯೂನಿವರ್ಸಿಟೀಲಿ ಎಡ್ವಿನ್ ಹಾಲ್ ಇದನ್ನ ತೆಳು ಚಿನ್ನದ ತಗಡಿನಲ್ಲಿ ಕಂಡ್ಕೊಂಡಿದ್ದು. ಹರಿವು ಇಲ್ದಿದ್ರೆ ತಳ್ಳೋಕೆ ಏನೂ ಇಲ್ಲ, ಹಾಗಾಗಿ ಹಾಲ್ ಸೆನ್ಸರ್ ಕರೆಂಟ್ ತಿನ್ನಲೇಬೇಕು. ಅದರ ಮೇಲೆ 7805 ಬೇರೆ, ಅದೊಂದೇ ಸುಮ್ನೆ ಕೂತು ಸುಮಾರು 5 ಮಿಲಿಆಂಪ್ ಕುಡಿಯುತ್ತೆ. ಅಂದ್ರೆ ಆ ಹುಡುಗಿಯ ಬ್ಯಾಟರಿ ಅರ್ಧ ಹೋಗಿದ್ದು ರೆಗ್ಯುಲೇಟರಿಗೇ.

ಇದಕ್ಕೆ ದಾರಿ ಏನು ಅಂತ ಯೋಚಿಸಿದೋರು ಚಿಪ್ಪನ್ನ ಮಲಗಿಸೋದು ಕಲಿತ್ರು. ಲೋ-ಪವರ್ ಹಾಲ್ ಚಿಪ್ಪುಗಳು ಹತ್ತಾರು ಮೈಕ್ರೊಸೆಕೆಂಡ್ ಮಾತ್ರ ಎದ್ದು, ಅಯಸ್ಕಾಂತ ಇದೆಯಾ ಇಲ್ವಾ ನೋಡಿ, ಉತ್ತರಾನ ಔಟ್‌ಪುಟ್ಟಲ್ಲಿ ಹಿಡಿದಿಟ್ಟು ಮತ್ತೆ ಮಲಗ್ತವೆ. ಡಿಆರ್‌ವಿ5032 ಅನ್ನೋದನ್ನ ನಾನು ಈಗ ಬಳಸ್ತೀನಿ, ಅದರ 20 ಹರ್ಟ್ಸ್ ಮಾದರಿ ಸೆಕೆಂಡಿಗೆ ಇಪ್ಪತ್ತು ಸಲ ಏಳುತ್ತೆ, 3 ವೋಲ್ಟಲ್ಲಿ ಸರಾಸರಿ 1.6 ಮೈಕ್ರೊಆಂಪ್. ಮಿಲಿ ಅಲ್ಲ, ಮೈಕ್ರೊ, ಮಿಲಿಯ ಸಾವಿರದಲ್ಲೊಂದು ಭಾಗ. 5 ಹರ್ಟ್ಸ್ ಮಾದರಿ ಅಂತೂ 1.8 ವೋಲ್ಟಲ್ಲಿ 0.54 ಮೈಕ್ರೊಆಂಪ್. 1.65 ವೋಲ್ಟಿಂದ 5.5 ವೋಲ್ಟ್‌ವರೆಗೆ ನಡೆಯುತ್ತೆ, ಅಂದ್ರೆ ಎರಡು ಪೆನ್ ಸೆಲ್ಲಿಗೆ ನೇರ ಕೊಟ್ರೆ ಸಾಕು, ರೆಗ್ಯುಲೇಟರೇ ಬೇಡ. ಗಡಿಯಾರದ ಬಿಲ್ಲೆ ಸೆಲ್ ಸಿಆರ್2032 ತಗೊಳ್ಳಿ, ಅದರಲ್ಲಿ ಸುಮಾರು 220 ಮಿಲಿಆಂಪ್-ಅವರ್ ಇರುತ್ತೆ, 5 ಮಿಲಿಆಂಪ್ ಎಳೆದ್ರೆ ಎರಡು ದಿನಾನೂ ಇಲ್ಲ, 1.6 ಮೈಕ್ರೊಆಂಪ್ ಆದ್ರೆ ಭಾಗಾಕಾರಕ್ಕೆ ಹದಿನೈದು ವರ್ಷ ಬರುತ್ತೆ, ಅಷ್ಟು ವರ್ಷ ಸೆಲ್ಲೇ ತಾಳಲ್ಲ ಅನ್ನೋದು ಬೇರೆ ಮಾತು. ಫೋನಿನ ಫ್ಲಿಪ್ ಕವರ್ ಮುಚ್ಚಿದ್ರೆ ಸ್ಕ್ರೀನ್ ಆಫ್ ಆಗೋದೂ ಇಂಥ ಸೆನ್ಸರಿಂದ್ಲೇ.

ನಾನು ಇದನ್ನ ಕಲಿತಿದ್ದು ಸುಲಭವಾಗಿ ಏನಲ್ಲ, ಅದನ್ನೂ ಹೇಳ್ತೀನಿ.

ನಮ್ಮ ಕಡೆ ಕಾಫಿ ತೋಟದ ಪ್ರತಿ ಮನೇಲೂ ಮಳೆ ಡೈರಿ ಇರುತ್ತೆ. ಮಿಲಿಮೀಟರಲ್ಲಿ ಬರೆಯೋರು ಕಮ್ಮಿ, ಇಂಚು-ಸೆಂಟು, ನೂರು ಸೆಂಟಿಗೆ ಒಂದು ಇಂಚು. "ನಿಮ್ಮಲ್ಲಿ ಎಷ್ಟು ಬಂತು?" "ಅರವತ್ತು ಸೆಂಟ್." ಬೆಳಿಗ್ಗೆ ಫೋನಲ್ಲಿ ಮೊದಲ ಮಾತೇ ಇದು. ಫೆಬ್ರವರಿ-ಮಾರ್ಚಲ್ಲಂತೂ ಹೂಮಳೆ ಲೆಕ್ಕ ಬಹಳ ಮುಖ್ಯ, ರೊಬಸ್ಟಾಗೆ ಒಂದು ಇಂಚಿನ ಆಸುಪಾಸು ಬಿದ್ರೆ ಹೂವು ಚೆನ್ನಾಗಿ ಬಿಡುತ್ತೆ, ಅರ್ಧಂಬರ್ಧ ಬಿದ್ರೆ ಬಾಕಿಯನ್ನ ಸ್ಪ್ರಿಂಕ್ಲರಲ್ಲಿ ಹೊಡೀಬೇಕು, ತಡ ಮಾಡಿದ್ರೆ ಹೂವು ಕೆಡುತ್ತೆ, ಆ ವರ್ಷದ ಫಸಲೇ ಹೋಗುತ್ತೆ. ನಮ್ಮ ಹತ್ರದ ತೋಟದ ಗೌಡ್ರು ಒಬ್ರಿಗೆ ವಯಸ್ಸಾಗಿತ್ತು, ಕೆಳಗಿನ ಕಟ್ಟೆ ಹತ್ರ ಇರೋ ಮಳೆ ಮಾಪಕಕ್ಕೆ ದಿನಾ ಇಳಿದು ಹತ್ತೋಕೆ ಕಾಲು ಬರ್ತಿರ್ಲಿಲ್ಲ, ಗಾಜಿನ ಅಳತೆ ಬಿಟ್ಟು ನಂಬರ್ ತೋರಿಸೋ ಥರ ಒಂದು ಮಾಡ್ಕೊಡಪ್ಪ, ಮನೆ ಅಂಗಳದಲ್ಲೇ ಇಡೋಣ ಅಂದ್ರು.

ಮಗುಚೋ ಬಟ್ಟಲಿನ ಮಾಪಕ ಮಾಡ್ದೆ. 20 ಸೆಂಟಿಮೀಟರ್ ಬಾಯಿಯ ಆಲಿಕೆ, ಕೆಳಗೆ ಏತದ ಹಾಗೆ ಎರಡು ಕಡೆ ತೂಗೋ ಜೋಡಿ ಬಟ್ಟಲು, ಒಂದರಲ್ಲಿ 8 ಮಿಲಿಲೀಟರ್ ತುಂಬಿದ ತಕ್ಷಣ ಟಕ್ ಅಂತ ಮಗುಚಿ ಇನ್ನೊಂದು ಆಲಿಕೆ ಕೆಳಗೆ ಬರುತ್ತೆ. ಆ ಅಳತೆಗೆ ಒಂದು ಮಗುಚು ಅಂದ್ರೆ ಸರಿಯಾಗಿ ಒಂದು ಸೆಂಟ್ ಮಳೆ, 0.254 ಮಿಲಿಮೀಟರ್. ಬಟ್ಟಲಿಗೆ ಒಂದು ಸಣ್ಣ ಅಯಸ್ಕಾಂತ, ಎದುರಿಗೆ ಅದೇ ಎ3144, ಎಣಿಸೋಕೆ ಆರ್ಡುಯಿನೊ ಪ್ರೊ ಮಿನಿ ಅನ್ನೋ ಒಂದು ಸಣ್ಣ ಕಂಟ್ರೋಲರ್ ಬೋರ್ಡ್, ನಾಲ್ಕು ಪೆನ್ ಸೆಲ್. ಬೋರ್ಡಿನ ಎಲ್‌ಇಡಿ ಕಿತ್ತಿದ್ದೆ, ಕಂಟ್ರೋಲರನ್ನ ಸ್ಲೀಪಿಗೂ ಹಾಕಿದ್ದೆ, ಎಲ್ಲಾ ಮಾಡಿ ಸೆನ್ಸರನ್ನ ಮಾತ್ರ ಮರೆತಿದ್ದೆ. ಪೆನ್ ಸೆಲ್ಲಲ್ಲಿ 2000 ಮಿಲಿಆಂಪ್-ಅವರ್ ಇಟ್ಕೊಂಡ್ರೂ 5 ಮಿಲಿಆಂಪಿಗೆ ಹದಿನಾರು ದಿನ. ಹಾಕಿ ಮೂರನೇ ವಾರ ರಾತ್ರಿ ಗುಡುಗಿ ಹೂಮಳೆ ಬಂತು. ಬೆಳಿಗ್ಗೆ ಗೌಡ್ರು ಬಟನ್ ಒತ್ತಿದ್ರೆ ಸ್ಕ್ರೀನಲ್ಲಿ ಏನೂ ಇಲ್ಲ. ಫೋನ್ ಮಾಡಿ, "ಒಂದು ಮಳೆಗೋಸ್ಕರ ಕಾಯ್ತಿದ್ದೆ ತಮ್ಮಾ, ಅದೇ ಹೋಯ್ತಲ್ಲ" ಅಂದ್ರು, ಅಷ್ಟೇ, ಬೈಯಲಿಲ್ಲ. ಅವತ್ತು ಪಕ್ಕದ ತೋಟದ ಲೆಕ್ಕ ಕೇಳಿ ಸ್ಪ್ರಿಂಕ್ಲರ್ ಹಾಕಿಸಿದ್ರು, ಆದ್ರೆ ನಮ್ಮ ಮಲೆನಾಡಲ್ಲಿ ಒಂದು ಗುಡ್ಡದ ಈ ಕಡೆ ಎಂಬತ್ತು ಸೆಂಟ್ ಬಿದ್ರೆ ಆ ಕಡೆ ಮೂವತ್ತೇ ಬಿದ್ದಿರುತ್ತೆ.

ಆಮೇಲೆ ಕೂತು ಚಿಪ್ ಕಂಪನಿಯೋರು ಕೊಡೋ ವಿವರದ ಹಾಳೆ, ಡೇಟಾಶೀಟ್, ಓದಿ ಲೋ-ಪವರ್ ಚಿಪ್ ತರಿಸಿ ಹಾಕ್ದೆ. ಅಲ್ಲೂ ಒಂದು ಪೆಟ್ಟು ಕಾದಿತ್ತು. ಅಯಸ್ಕಾಂತ ಬಟ್ಟಲಿನ ನಡುವೆ ಇತ್ತು, ಮಗುಚುವಾಗ ಸೆನ್ಸರಿನ ಮುಂದೆ ಸರಕ್ ಅಂತ ಹಾದು ಹೋಗ್ತಿತ್ತು. ಚಿಪ್ ಸೆಕೆಂಡಿಗೆ ಇಪ್ಪತ್ತೇ ಸಲ ಕಣ್ಣು ಬಿಡೋದು, ಅಂದ್ರೆ 50 ಮಿಲಿಸೆಕೆಂಡಿಗೊಂದು ಸಲ, ಅಷ್ಟರೊಳಗೆ ಅಯಸ್ಕಾಂತ ಬಂದು ಹೋಗಿರುತ್ತೆ. ಚೊಂಬಿನಲ್ಲಿ ನೀರು ಹೊಯ್ದು ಕೈಲಿ ಎಣಿಸಿದ್ರೆ ನಲವತ್ತು ಮಗುಚು, ಸ್ಕ್ರೀನಲ್ಲಿ ಇಪ್ಪತ್ತಾರು. ಅದನ್ನ ನೋಡಿ ಎರಡು ದಿನ ಚಿಪ್ಪೇ ಸರಿ ಇಲ್ಲ ಅಂದ್ಕೊಂಡಿದ್ದೆ.

ಸರಿ ಹೋಗಿದ್ದು ಅಯಸ್ಕಾಂತದ ಜಾಗ ಬದಲಾಯಿಸಿದ್ಮೇಲೆ. ನಡುವಿಂದ ತೆಗೆದು ಒಂದು ಬಟ್ಟಲಿನ ತುದಿಗೆ ಅಂಟಿಸ್ದೆ, ಸೆನ್ಸರನ್ನ ಆ ತುದಿ ಬಂದು ಕೂರೋ ಜಾಗಕ್ಕೆ ಎದುರಿಗೆ ಇಟ್ಟೆ. ಈಗ ಬಟ್ಟಲು ಆ ಕಡೆ ಕೂತಿದ್ರೆ ಔಟ್‌ಪುಟ್ ಲೋ, ಅಂದ್ರೆ ಸೊನ್ನೆ ವೋಲ್ಟಿನ ಹತ್ರ, ಈ ಕಡೆ ಕೂತಿದ್ರೆ ಹೈ, ಅಂದ್ರೆ ಸೆಲ್ಲಿನ ವೋಲ್ಟೇಜಿನ ಹತ್ರ. ಹಾದು ಹೋಗೋದನ್ನ ಹಿಡಿಯೋ ಬದಲು ಕೂತಿರೋದನ್ನ ನೋಡಿದ್ರಾಯ್ತು, ಲೋ ಇಂದ ಹೈ ಆದ್ರೂ ಒಂದು ಎಣಿಕೆ, ಹೈ ಇಂದ ಲೋ ಆದ್ರೂ ಒಂದು ಎಣಿಕೆ. ಗಂಟೆಗೆ ನಾಲ್ಕು ಇಂಚು ಸುರಿಯೋ ಆಷಾಢದ ಮಳೇಲೂ ಬಟ್ಟಲು ಒಂದು ಕಡೆ ಒಂಬತ್ತು ಸೆಕೆಂಡ್ ಕೂತಿರುತ್ತೆ, ಚಿಪ್ಪಿಗೆ ಅಷ್ಟು ಹೊತ್ತಲ್ಲಿ 180 ಸಲ ನೋಡೋಕೆ ಟೈಮಿದೆ. ಆಮೇಲೆ ಚೊಂಬಿನ ಪರೀಕ್ಷೇಲಿ ನಲವತ್ತಕ್ಕೆ ನಲವತ್ತು ಬಂತು, ನೂರಕ್ಕೆ ನೂರು ಬಂತು.

ರೀಡ್ ಸ್ವಿಚ್ ಹಾಕಿದ್ರೆ ಕರೆಂಟೇ ಬೇಡ್ವಲ್ಲ ಅಂತ ಓದುಗರು ಕೇಳಬಹುದು. ನಿಜ, ಗಾಜಿನ ಕೊಳವೆಯೊಳಗೆ ಎರಡು ಕಬ್ಬಿಣದ ಎಸಳು, ಅಯಸ್ಕಾಂತ ಬಂದ್ರೆ ಅಂಟಿಕೊಳ್ತವೆ, ಮಳೆ ಮಾಪಕಗಳಲ್ಲಿ ಇವತ್ತಿಗೂ ಅದನ್ನೇ ಹಾಕ್ತಾರೆ, ಅಯಸ್ಕಾಂತ ಹಾದು ಹೋಗೋ ಕಡೆ ಅದು ಚೆನ್ನಾಗೇ ಕೆಲಸ ಮಾಡುತ್ತೆ. ಆದ್ರೆ ಗೇಟಿನಂಥ ಕಡೆ, ಮುಚ್ಚಿದ ಗೇಟಿನ ಅಯಸ್ಕಾಂತ ದಿನಕ್ಕೆ ಇಪ್ಪತ್ಮೂರು ಗಂಟೆ ಸ್ವಿಚ್ಚಿನ ಮುಂದೆ ಇರುತ್ತೆ, ಸ್ವಿಚ್ ಅಂಟಿಕೊಂಡೇ ಇರುತ್ತೆ, ಆಗ ಪುಲ್-ಅಪ್ ರೆಸಿಸ್ಟರ್ (ವೈರನ್ನ ಪ್ಲಸ್ ಕಡೆಗೆ ಎಳೆದಿಡೋದು) ಮೂಲಕ ಕರೆಂಟ್ ಹರೀತಾನೇ ಇರುತ್ತೆ. 10 ಕಿಲೋಓಮ್ ಇದ್ರೆ 3 ವೋಲ್ಟಿಗೆ 300 ಮೈಕ್ರೊಆಂಪ್, ನಮ್ಮ ಲೋ-ಪವರ್ ಚಿಪ್ ತಿನ್ನೋದಕ್ಕಿಂತ ನೂರೆಂಬತ್ತು ಪಟ್ಟಿಗಿಂತ ಜಾಸ್ತಿ. ಹಾಗಂತ 1 ಮೆಗಾಓಮ್ ಹಾಕಿದ್ರೆ ನಮ್ಮ ಮಳೆಗಾಲದ ತೇವಕ್ಕೆ, ಬೋರ್ಡ್ ಮೇಲೆ ಉಳಿದ ಫ್ಲಕ್ಸ್ ಮೇಲೆ ಬೂಷ್ಟು ಹಿಡಿದು, ಅಲ್ಲೇ ಸೋರಿಕೆ ಶುರುವಾಗಿ ತಪ್ಪು ತಪ್ಪು ತೋರಿಸುತ್ತೆ. ಹಾಲ್ ಚಿಪ್ಪಲ್ಲೂ ಇದೇ ಗುಂಡಿ ಇದೆ, ಲೋಗೆ ಮಾತ್ರ ತಾನೇ ಎಳೆಯೋ ಓಪನ್ ಡ್ರೈನ್ ಔಟ್‌ಪುಟ್ ಇರೋದನ್ನ ತಂದು 10 ಕಿಲೋಓಮ್ ಪುಲ್-ಅಪ್ ಹಾಕಿದ್ರೆ ಉಳಿಸಿದ್ದೆಲ್ಲಾ ಅಲ್ಲೇ ಹೋಯ್ತು. ಅದಕ್ಕೇ ಹೈಗೂ ಲೋಗೂ ತಾನೇ ಎಳೆಯೋ ಪುಶ್-ಪುಲ್ ಔಟ್‌ಪುಟ್ ಇರೋ ಮಾದರಿ ನೋಡಿ ತಗೋಬೇಕು, ಅದಕ್ಕೆ ಪುಲ್-ಅಪ್ಪೇ ಬೇಡ. ಅಂಗಡಿಯೋರು ಹೆಸರಿನಲ್ಲಿ 5032 ಆದ್ಮೇಲೆ ಬರೋ ಎರಡು ಅಕ್ಷರ ನೋಡದೆ ಕೊಟ್ಟುಬಿಡ್ತಾರೆ, ನಾವೇ ನೋಡ್ಬೇಕು.

ಎಲ್ಲಾ ಕಡೆಗೂ ಈ ಮಲಗೋ ಚಿಪ್ ಆಗುತ್ತೆ ಅಂತಾನೂ ಯಾರೂ ಅಂದ್ಕೋಬಾರ್ದು. ಡ್ರಿಪ್ ಲೈನಿಗೆ ಹಾಕೋ ವೈಎಫ್-ಎಸ್201 ಅನ್ನೋ ನೀರಿನ ಫ್ಲೋ ಮೀಟರ್ ನಿಮಿಷಕ್ಕೆ 10 ಲೀಟರ್ ಹರಿದಾಗ ಸೆಕೆಂಡಿಗೆ 75 ಪಲ್ಸ್ ಕೊಡುತ್ತೆ, ಅದರೊಳಗಿನ ಸೆನ್ಸರ್ ಕಿತ್ತು 20 ಹರ್ಟ್ಸಿಂದು ಹಾಕಿದ್ರೆ ಲೆಕ್ಕ ಪೂರ್ತಿ ಸುಳ್ಳು. ಸೈಕಲ್ ಚಕ್ರಕ್ಕೂ ಅಷ್ಟೇ. ನಿಧಾನವಾಗಿ ಬದಲಾಗೋದಕ್ಕೆ ಮಾತ್ರ ಇದು, ಬಾಗಿಲು, ಗೇಟು, ಟ್ಯಾಂಕಿನ ಫ್ಲೋಟು, ಮೀಟರ್ ಪೆಟ್ಟಿಗೆಯ ಮುಚ್ಚಳ, ಇಂಥವು.

ನಿಮ್ಮ ಗೇಟಿನ ಸರ್ಕ್ಯೂಟಿಗೆ ನಾನು ಆ ಹುಡುಗಿಗೆ ಮಾಡ್ಕೊಟ್ಟ ತಿದ್ದುಪಡಿ ಇದು. 9 ವೋಲ್ಟ್ ಬ್ಯಾಟರಿ, 7805, ಪುಲ್-ಅಪ್ ಮೂರೂ ತೆಗೀರಿ. ಎ3144 ಜಾಗಕ್ಕೆ ಡಿಆರ್‌ವಿ5032ರ ಪುಶ್-ಪುಲ್ ಮಾದರಿ. ಎರಡು ಆಲ್ಕಲೈನ್ ಪೆನ್ ಸೆಲ್ ಸೀರೀಸಲ್ಲಿ, 3 ವೋಲ್ಟ್. ಸೆನ್ಸರಿನ ಪ್ಲಸ್-ಮೈನಸ್ ಕಾಲಿಗೆ ಅಂಟಿಕೊಂಡ ಹಾಗೆ ಒಂದು 0.1 ಮೈಕ್ರೊಫ್ಯಾರಡ್ ಕೆಪಾಸಿಟರ್, ಯಾಕಂದ್ರೆ ಚಿಪ್ ಎದ್ದಾಗ ಒಂದು ಕ್ಷಣ ಜಾಸ್ತಿ ಕರೆಂಟ್ ಕೇಳುತ್ತೆ, ಅದನ್ನ ಹತ್ರದಿಂದ ಕೊಡಬೇಕು. ಅಯಸ್ಕಾಂತ ಇದ್ದಾಗ ಔಟ್‌ಪುಟ್ ಲೋ, ಗೇಟು ತೆಗೆದ್ರೆ ಹೈ, ಆ ಹೈ 4.7 ಕಿಲೋಓಮ್ ಮೂಲಕ ಬಿಸಿ547 ಟ್ರಾನ್ಸಿಸ್ಟರಿನ ಬೇಸಿಗೆ ಹೋಗಿ 3 ವೋಲ್ಟಿನ ಬಝರ್ ಕೂಗಿಸುತ್ತೆ. ಗೇಟು ಮುಚ್ಚಿದ್ದಾಗ ಹೆಚ್ಚು ಕಡಿಮೆ ಚಿಪ್ಪಿನ ಕರೆಂಟ್ ಒಂದೇ. ಮೊದಲಿನ 9 ವೋಲ್ಟ್ ಬ್ಯಾಟರೀನ ಮಾತ್ರ ಈ ಚಿಪ್ಪಿಗೆ ನೇರ ಕೊಡಬೇಡಿ, 5.5 ವೋಲ್ಟಿಗಿಂತ ಮೇಲೆ ಹೋದ್ರೆ ಸತ್ತೇ ಹೋಗುತ್ತೆ, ಇದನ್ನ ದಪ್ಪ ಅಕ್ಷರದಲ್ಲಿ ಹಾಕಿ. ಬೋರ್ಡ್ ಮೇಲೇ ಕೂರಿಸೋ ಸಣ್ಣ ಎಸ್‌ಎಂಡಿ ಚಿಪ್ ಮಕ್ಕಳಿಗೆ ಸೋಲ್ಡರ್ ಮಾಡೋಕೆ ಕಷ್ಟ, ಇದು ಮೂರು ಕಾಲಿನ ಮಾಮೂಲಿ ಪ್ಯಾಕೇಜಲ್ಲೂ ಬರುತ್ತೆ, ಕಾಲುಗಳ ಕ್ರಮ ಮಾತ್ರ ಡೇಟಾಶೀಟಲ್ಲಿ ನೋಡ್ಕೊಳ್ಳಿ.

ಭೂಮಿಯ ಅಯಸ್ಕಾಂತಕ್ಕೆ ಇದು ತಪ್ಪಾಗಿ ಕೂಗಲ್ವಾ ಅಂತ ಅವಳು ಕೇಳಿದ್ಲು, ಬಹಳ ಒಳ್ಳೆ ಪ್ರಶ್ನೆ. ನಮ್ಮ ಕಡೆ ಭೂಮಿಯದ್ದು ಸುಮಾರು 0.04 ಮಿಲಿಟೆಸ್ಲಾ, ಈ ಚಿಪ್ಪುಗಳಿಗೆ ಕೆಲವು ಮಿಲಿಟೆಸ್ಲಾ ಆದ್ರೂ ಬೇಕು, ಹಾಗಾಗಿ ತೊಂದರೆ ಇಲ್ಲ. ಅಯಸ್ಕಾಂತದ ಮುಖ ಚಿಪ್ಪಿನ ಚಪ್ಪಟೆ ಮುಖಕ್ಕೆ ನೇರ ಎದುರಿಗಿರಬೇಕು. ಹಾಲ್ ಬದಲು ಟಿಎಂಆರ್ ಅಂತ ಬರೋ ಚಿಪ್ ಹಾಕಿದ್ರೆ ಅದು ಸಾಮಾನ್ಯವಾಗಿ ಬೋರ್ಡಿಗೆ ಸಮಾನಾಂತರವಾಗಿ ಬರೋ ಕ್ಷೇತ್ರವನ್ನ ನೋಡುತ್ತೆ, ಅದೇ ಜಾಗದಲ್ಲಿ ಅದೇ ಅಯಸ್ಕಾಂತ ಇಟ್ರೆ ಏನೂ ಆಗದೆ ಇರಬಹುದು.

ಇಷ್ಟು ಸಣ್ಣ ಕರೆಂಟನ್ನ ಮಕ್ಕಳು ಹೆಂಗೆ ಅಳೀಬೇಕು ಅನ್ನೋದನ್ನೂ ದಯವಿಟ್ಟು ಹಾಕಿ, ಮಾಮೂಲಿ ಮೀಟರಲ್ಲೇ ಆಗುತ್ತೆ. ಸೆಲ್ಲಿನ ಪ್ಲಸ್ಸಿಂದ ಚಿಪ್ಪಿಗೆ ಹೋಗೋ ವೈರ್ ಮಧ್ಯೆ ಒಂದು 1 ಕಿಲೋಓಮ್ ರೆಸಿಸ್ಟರ್ ಹಾಕಿ, ಅದರಾಚೆ ಚಿಪ್ಪಿನ ಪಕ್ಕ ಒಂದು 100 ಮೈಕ್ರೊಫ್ಯಾರಡ್ ಕೆಪಾಸಿಟರ್. ಮೀಟರನ್ನ ಮಿಲಿವೋಲ್ಟಿಗೆ ಇಟ್ಟು ರೆಸಿಸ್ಟರಿನ ಎರಡು ತುದಿ ಮುಟ್ಟಿದ್ರೆ ಎಷ್ಟು ಮಿಲಿವೋಲ್ಟ್ ಬರುತ್ತೋ ಅಷ್ಟೇ ಮೈಕ್ರೊಆಂಪ್. ಕೆಪಾಸಿಟರಿಗೂ ತನ್ನದೊಂದು ಸೋರಿಕೆ ಇರುತ್ತೆ, ಹಾಗಾಗಿ ಮೊದಲು ಚಿಪ್ ಇಲ್ದೆ ಹತ್ತು ನಿಮಿಷ ಬಿಟ್ಟು ಎಷ್ಟು ಬರುತ್ತೆ ಬರ್ಕೊಂಡು, ಆಮೇಲೆ ಚಿಪ್ ಹಾಕಿ ಅಳೆದು ಕಳೀಬೇಕು. ಬಝರ್ ಕೂಗುವಾಗ ಇದನ್ನ ಮಾಡೋ ಹಾಗಿಲ್ಲ, ಗೇಟು ಮುಚ್ಚಿದ ಸ್ಥಿತೀಲಿ ಮಾತ್ರ. ಆ ಹುಡುಗಿ ನನ್ನ ಅಂಗಡಿ ಟೇಬಲ್ ಮೇಲೆ ಇದನ್ನ ತಾನೇ ಮಾಡಿದ್ಲು, ಕಳೆದು ನೋಡಿದ್ಮೇಲೆ 1.7 ಉಳೀತು. ಅವತ್ತಿಂದ ಮನೇಲಿರೋ ಗಡಿಯಾರ, ಟಾರ್ಚು, ತಾತನ ರೇಡಿಯೊ ಎಲ್ಲದಕ್ಕೂ ಮೀಟರ್ ಹಿಡೀತಿದಾಳೆ.

ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ರೆ ವಾರಗಟ್ಟಲೆ ಕರೆಂಟ್ ಇರಲ್ಲ, ಬ್ಯಾಟರೀಲಿ ನಡೆಯೋದನ್ನ ನಾವು ಆಸೆಗೆ ಮಾಡೋದಲ್ಲ, ಬೇರೆ ದಾರಿ ಇಲ್ದೆ ಮಾಡೋದು. ಅದಕ್ಕೇ ಕೇಳ್ತಿದೀನಿ, ಮುಂದೆ ನಿಮ್ಮ ಪುರವಣೀಲಿ ಬ್ಯಾಟರಿಯ ಸರ್ಕ್ಯೂಟ್ ಯಾವುದೇ ಬರಲಿ, ಚಿತ್ರದ ಕೆಳಗೆ ಎರಡು ಸಾಲು ಸೇರಿಸಿ, ಸುಮ್ನಿದ್ದಾಗ ಎಷ್ಟು ಕರೆಂಟ್, ಯಾವ ಸೆಲ್ಲಿಗೆ ಎಷ್ಟು ದಿನ. ಬರೆದುಕೊಟ್ಟೋರ ಹತ್ರ ಆ ಅಳತೆ ಇಲ್ದಿದ್ರೆ ಅಳೆದು ಕೊಡಿ ಅಂತ ಕೇಳಿ, ಅರ್ಧ ಗಂಟೆಯ ಕೆಲಸ. ಅಡುಗೆ ಪುಟದಲ್ಲಿ ಎಷ್ಟು ಜನಕ್ಕೆ ಅಂತ ಹಾಕ್ತೀರಲ್ಲ, ಹಾಗೆ.

ತಿದ್ದಿದ ಚಿತ್ರಾನ ಕೈಯಲ್ಲೇ ಬರೆದು ಈ ಪತ್ರದ ಜೊತೆ ಇಟ್ಟಿದೀನಿ, ಬೇಕಾದ್ರೆ ಹೆಸರಿಲ್ದೆ ಹಾಕ್ಕೊಳ್ಳಿ. ನಮ್ಮ ತಾಲ್ಲೂಕಿನ ಶಾಲೆಗಳ ವಸ್ತುಪ್ರದರ್ಶನ ಮುಂದಿನ ತಿಂಗಳು, ಅಷ್ಟರೊಳಗೆ ಒಂದು ಭಾನುವಾರ ಬಂದ್ರೆ ಮೊದಲಿನ ಸರ್ಕ್ಯೂಟ್ ಮಾಡಿ ಕೂತಿರೋ ಮಕ್ಕಳಿಗೆ ಬದಲಾಯಿಸೋಕೆ ಟೈಮ್ ಸಿಗುತ್ತೆ. ಗೌಡ್ರ ಅಂಗಳದ ಮಾಪಕಕ್ಕೆ ಹೋದ ವರ್ಷ ಮೇ ತಿಂಗಳು ಹಾಕಿದ ಎರಡು ಸೆಲ್ ಇನ್ನೂ ಅವೇ ಇವೆ, ಮೊನ್ನೆ ಆಲಿಕೇಲಿ ಬಿದ್ದಿದ್ದ ಸಿಲ್ವರ್ ಓಕ್ ಮರದ ಎಲೆ ತೆಗೆಯೋಕೆ ಹೋದಾಗ ಅಳೆದೆ, ಎರಡೂ ಸೇರಿ 3.07 ವೋಲ್ಟ್ ಇತ್ತು.

ಇಂತಿ,
ನಿಮ್ಮ ಓದುಗ, ಮೂಡಿಗೆರೆ ತಾಲ್ಲೂಕು